ರಿನೀವಲ್ ನೋಟಿಸಿನೊಳಗಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಕಾರಿನ ಇನ್ಶೂರೆನ್ಸ್ ಮುಗಿಯಲು ಇನ್ನೂ ಒಂದು ತಿಂಗಳಿರುವಾಗಲೇ ಮೊಬೈಲಿಗೆ ಸಂದೇಶಗಳು ಬರತೊಡಗುತ್ತವೆ. ಇಲ್ಲಿ ಒತ್ತಿ, ಇಷ್ಟು ಕಟ್ಟಿ, ಎರಡೇ ನಿಮಿಷದ ಕೆಲಸ ಅಂತ. ನಾವೂ ಒತ್ತುತ್ತೇವೆ, ಕಟ್ಟುತ್ತೇವೆ. 1906ರ ಒಂದೇ ವರ್ಷದಲ್ಲಿ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಕಟ್ಟಿದ ಸೀಮೆ ನಮ್ಮದು. ಠೇವಣಿಯ ಬಡ್ಡಿ ಕಾಲು ಶೇಕಡಾ ಇಳಿದರೂ ಮನೆಯಲ್ಲಿ ಚರ್ಚೆಯಾಗುತ್ತದೆ. ಆದರೆ ಕಾರಿನ ಇನ್ಶೂರೆನ್ಸ್ ಮಾತ್ರ ಕಂಪನಿ ಹೇಳಿದ್ದೇ ದರ ಎಂದು ಒಪ್ಪಿಬಿಡುತ್ತೇವೆ.

ಅದೇ ಕಾರಿಗೆ, ಅದೇ ದಿನ, ಹೊಸ ಗಿರಾಕಿಯಂತೆ ಬೇರೆ ಕಂಪನಿಯಲ್ಲಿ ದರ ಕೇಳಿ ನೋಡಿ. ಎಷ್ಟೋ ಸಲ ಸಾವಿರ, ಎರಡು ಸಾವಿರ ಕಡಿಮೆ ಬರುತ್ತದೆ. ಇದು ಹೇಗೆ ಸಾಧ್ಯ?

ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಇನ್ನೊಬ್ಬರಿಗಾಗುವ ನಷ್ಟಕ್ಕೆ. ಇದು ಕಾನೂನಿನ ಪ್ರಕಾರ ಕಡ್ಡಾಯ, ಇದರ ದರ ಸರಕಾರದ್ದು. 2022ರ ಜೂನ್‌ನಲ್ಲಿ ನಿಗದಿಯಾದಂತೆ ಸಾವಿರ ಸಿಸಿಯೊಳಗಿನ ಖಾಸಗಿ ಕಾರಿಗೆ 2,094 ರೂಪಾಯಿ, ಸಾವಿರದಿಂದ ಒಂದೂವರೆ ಸಾವಿರ ಸಿಸಿಯವರೆಗೆ 3,416, ಅದಕ್ಕೂ ಮೇಲೆ 7,897. ಇದರಲ್ಲಿ ಯಾವ ಕಂಪನಿಯೊಡನೆಯೂ ಚೌಕಾಸಿ ನಡೆಯುವುದಿಲ್ಲ. ಇನ್ನೊಂದು ಓನ್ ಡ್ಯಾಮೇಜ್, ನಮ್ಮದೇ ಕಾರಿನ ನಷ್ಟಕ್ಕೆ. ಇದರ ದರವನ್ನು 2007ರ ಜನವರಿಯಿಂದ ಕಂಪನಿಗಳ ಕೈಗೇ ಬಿಟ್ಟಿದ್ದಾರೆ. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಆಗುವುದು ಇಲ್ಲಿಯೇ.

ಹೊಸ ಗಿರಾಕಿಯನ್ನು ಎಳೆಯಲು ಕಂಪನಿ ಓನ್ ಡ್ಯಾಮೇಜಿನಲ್ಲಿ ದೊಡ್ಡ ರಿಯಾಯಿತಿ ಕೊಡುತ್ತದೆ. ಎರಡನೆಯ ವರ್ಷ ಅದರಲ್ಲಿ ಸ್ವಲ್ಪ ಕತ್ತರಿಸುತ್ತದೆ, ಮೂರನೆಯ ವರ್ಷ ಇನ್ನೂ ಸ್ವಲ್ಪ. ಇವರು ಹೇಗೂ ಬಿಟ್ಟು ಹೋಗುವವರಲ್ಲ ಎಂಬ ಧೈರ್ಯ. ಅದು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಯಾಕೆಂದರೆ ಅದನ್ನು ಮುಚ್ಚುವುದು ನಮ್ಮದೇ ಎನ್‌ಸಿಬಿ, ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ವರ್ಷ ಕಳೆದದ್ದಕ್ಕೆ ಓನ್ ಡ್ಯಾಮೇಜಿನಲ್ಲಿ ಸಿಗುವ ರಿಯಾಯಿತಿ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ನಿಧಾನವಾಗಿಯೇ ಹೇಳುತ್ತೇನೆ. ಅಂಕೆಗಳು ಉದಾಹರಣೆಗೆ ಮಾತ್ರ.

ಕಳೆದ ವರ್ಷ ನಿಮ್ಮ ಕಾರಿನ ಐಡಿವಿ, ಅಂದರೆ ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಬೆಲೆ, ಐದು ಲಕ್ಷ. ಓನ್ ಡ್ಯಾಮೇಜ್ ಒಂಬತ್ತು ಸಾವಿರ. ಎನ್‌ಸಿಬಿ ಶೇಕಡಾ 35 ಕಳೆದು ನೀವು ಕಟ್ಟಿದ್ದು 5,850. ಈ ವರ್ಷ ಕಾರು ಹಳತಾಯಿತು, ಐಡಿವಿ ನಾಲ್ಕೂವರೆ ಲಕ್ಷಕ್ಕೆ ಇಳಿಯಿತು. ಓನ್ ಡ್ಯಾಮೇಜ್ ಮಾತ್ರ 9,900ಕ್ಕೆ ಏರಿತು. ನಡುವೆ ಕ್ಲೇಮ್ ಮಾಡದ್ದರಿಂದ ಎನ್‌ಸಿಬಿ 45 ಆಯಿತು. ಕಟ್ಟಬೇಕಾದ್ದು 5,445. ನೋಡಿದವರಿಗೆ ಅನಿಸುವುದೇನು? ಪರವಾಗಿಲ್ಲ, ಕಳೆದ ವರ್ಷಕ್ಕಿಂತ ನಾಲ್ಕು ನೂರು ಕಡಿಮೆಯೇ ಆಯಿತಲ್ಲ ಅಂತ.

ಈಗ ಓನ್ ಡ್ಯಾಮೇಜ್ ಮೊತ್ತವನ್ನು ಐಡಿವಿಯಿಂದ ಭಾಗಿಸಿ. ಕಳೆದ ವರ್ಷ ಅದು ಕಾರಿನ ಬೆಲೆಯ ಶೇಕಡಾ 1.8 ಇತ್ತು. ಈ ವರ್ಷ 2.2. ಹಳೆಯ ದರವೇ ಇದ್ದಿದ್ದರೆ ಎನ್‌ಸಿಬಿ ಕಳೆದು ನೀವು ಕಟ್ಟಬೇಕಾದ್ದು 4,455 ಮಾತ್ರ. 990 ರೂಪಾಯಿ ಹೆಚ್ಚಾಯಿತು, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಜಾಗರೂಕತೆಯಿಂದ ಓಡಿಸಿ ನೀವು ಗಳಿಸಿದ ಬೋನಸ್ಸಿನ ಲಾಭ ಹೀಗೆ ಕಂಪನಿಯ ಪಾಲಾಗುತ್ತದೆ. ಕಾರಿಗೆ ಐದು ವರ್ಷ ದಾಟಿದಾಗ ದರ ಒಂದಿಷ್ಟು ಏರುವುದಕ್ಕೆ ಅರ್ಥವಿದೆ, ಅದು ನ್ಯಾಯ. ಪ್ರತಿ ವರ್ಷವೂ ಏರಿದರೆ ಮಾತ್ರ ಕೇಳಲೇಬೇಕು.

ಆ ಬೋನಸ್ಸು ಕಂಪನಿಯದ್ದಲ್ಲ, ಕಾರಿನದ್ದೂ ಅಲ್ಲ, ನಿಮ್ಮದು. 20ರಿಂದ ಶುರುವಾಗಿ 25, 35, 45, ಕೊನೆಗೆ 50ರ ವರೆಗೆ ಏರುತ್ತದೆ. ಕಂಪನಿ ಬದಲಿಸಿದರೂ ನಿಮ್ಮ ಜೊತೆಗೇ ಬರುತ್ತದೆ. ‘ಬೇರೆ ಕಡೆ ಹೋದರೆ ಬೋನಸ್ ಹೋಗ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಂದು ಕ್ಲೇಮ್ ಮಾಡಿದ್ದನ್ನು ಮುಚ್ಚಿಟ್ಟು ಬೋನಸ್ ಹಾಕಿಸಿಕೊಳ್ಳುವುದೂ ಬೇಡ. ಹೊಸ ಕಂಪನಿ ಹಳೆಯದನ್ನು ವಿಚಾರಿಸುತ್ತದೆ, ನಾಳೆ ಕಾರು ಜಖಂ ಆದಾಗ ಕ್ಲೇಮಿಗೆ ಕಲ್ಲು ಬೀಳುತ್ತದೆ.

ಹಳೆಯ ಗಿರಾಕಿಗೆ ಹೀಗೆ ಬರೆ ಹಾಕುವುದು ನಮ್ಮ ದೇಶದ್ದೇ ವಿಶೇಷವಲ್ಲ. ಬ್ರಿಟನ್ನಿನಲ್ಲಿ 2018ರಲ್ಲಿ ಸಿಟಿಜನ್ಸ್ ಅಡ್ವೈಸ್ ಎಂಬ ಗ್ರಾಹಕ ಸಂಸ್ಥೆ ಇದರ ಮೇಲೆ ಅಧಿಕೃತವಾಗಿ ದೂರು ಕೊಟ್ಟಿತು. 2022ರ ಜನವರಿ 1ರಿಂದ ಅಲ್ಲಿನ ನಿಯಂತ್ರಕರು ನಿಯಮವನ್ನೇ ತಂದರು: ಕಾರು ಮತ್ತು ಮನೆ ವಿಮೆಯ ನವೀಕರಣಕ್ಕೆ, ಅದೇ ಮಾರ್ಗದಲ್ಲಿ ಬರುವ ಹೊಸ ಗಿರಾಕಿಗೆ ಕೇಳುವುದಕ್ಕಿಂತ ಒಂದು ಪೌಂಡೂ ಹೆಚ್ಚು ಕೇಳುವಂತಿಲ್ಲ. ಅದೇ ವರ್ಷ ಜುಲೈಯಲ್ಲಿ ಐರ್ಲೆಂಡ್ ಕೂಡ ವರ್ಷದಿಂದ ವರ್ಷಕ್ಕೆ ದರ ಏರಿಸುತ್ತ ಹೋಗುವ ಈ ಪದ್ಧತಿಯನ್ನು ನಿಷೇಧಿಸಿತು. ನಮಗೂ ಅಂಥದ್ದೊಂದು ಬಂದರೆ ಒಳ್ಳೆಯದೇ. ಅಲ್ಲಿಯವರೆಗೆ ಫೋನು ನಾವೇ ಎತ್ತಬೇಕು.

ಹಾಗೆಂದು ಕಡಿಮೆ ದರ ಕಂಡ ಕೂಡಲೇ ಹಾರಬೇಡಿ. ಹೊಸ ದರ ಎಷ್ಟೋ ಸಲ ಕಡಿಮೆ ಕಾಣುವುದು ಐಡಿವಿಯನ್ನೇ ಇಳಿಸಿದ್ದರಿಂದ. ನಾಲ್ಕೂವರೆ ಲಕ್ಷದ ಕಾರನ್ನು ಮೂರೂವರೆ ಎಂದು ಬರೆದರೆ ಪ್ರೀಮಿಯಂ ಇಳಿದೇ ಇಳಿಯುತ್ತದೆ. ಕಾರು ಕಳವಾದರೆ ಕೈಗೆ ಬರುವುದೂ ಅದೇ ಮೂರೂವರೆಯ ಲೆಕ್ಕದಲ್ಲಿ. ಕೆಲವರು ಬಂಪರ್ ಟು ಬಂಪರ್ ಎಂಬ ಆಡ್ ಆನ್, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಹೆಚ್ಚುವರಿ ರಕ್ಷಣೆ, ಕೈಬಿಟ್ಟು ದರ ತೋರಿಸುತ್ತಾರೆ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಹಣ ನಾವೇ ಕೊಡಬೇಕು.

ನಮ್ಮ ಊರಿಗೆ ಮುಖ್ಯವಾದದ್ದು ಇಂಜಿನ್ ಪ್ರೊಟೆಕ್ಷನ್ ಎಂಬ ಇನ್ನೊಂದು ಆಡ್ ಆನ್. 2018ರ ಮೇ 29ರಂದು ಮಂಗಳೂರಿನ ರಸ್ತೆಗಳು ತೋಡಾದದ್ದು, 2020ರ ಸೆಪ್ಟೆಂಬರಿನಲ್ಲಿ ಉಡುಪಿ ಮುಳುಗಿದ್ದು ನೆನಪಿರಬಹುದು. ಅಷ್ಟು ದೂರ ಬೇಡ, ಜೋರು ಮಳೆ ಬಂದ ದಿನ ಕೊಟ್ಟಾರ ಚೌಕಿಯನ್ನೋ ಪಂಪ್‌ವೆಲ್ಲನ್ನೋ ನೋಡಿದರೆ ಸಾಕು. ನಿಂತ ನೀರಿನಲ್ಲಿ ಸ್ಟಾರ್ಟ್ ಮಾಡಲು ಹೋಗಿ ಇಂಜಿನ್ನಿಗೆ ನೀರು ಹೊಕ್ಕರೆ ಸಾಮಾನ್ಯ ಪಾಲಿಸಿಯಲ್ಲಿ ಇಂಜಿನ್ ರಿಪೇರಿಗೆ ಹಣ ಸಿಗುವುದಿಲ್ಲ. ದರ ತಗ್ಗಿಸಲು ಇದನ್ನು ಬಿಡುವುದು ಘಟ್ಟದ ಮೇಲಿನವರಿಗೆ ಸರಿ ಹೋದೀತು, ಕರಾವಳಿಯವರಿಗಲ್ಲ. ಇನ್ನು ಕಡಲ ಗಾಳಿಗೆ ತುಕ್ಕು ಹಿಡಿಯುವುದಕ್ಕೆ ಯಾವ ಪಾಲಿಸಿಯೂ ಕೊಡುವುದಿಲ್ಲ, ಅದು ನಮ್ಮ ಕರ್ಮ.

ತೆಗೆಯಬಹುದಾದ್ದೂ ಒಂದಿದೆ. ಮಾಲಿಕ-ಚಾಲಕರ ಹದಿನೈದು ಲಕ್ಷದ ಅಪಘಾತ ವಿಮೆ. ಮನೆಯಲ್ಲಿ ಎರಡು ಗಾಡಿ ಒಬ್ಬರದೇ ಹೆಸರಿನಲ್ಲಿದ್ದರೆ ಒಂದಕ್ಕೆ ಮಾಡಿಸಿದರೆ ಸಾಕು. ರಿನೀವಲ್ ನೋಟಿಸು ಅದನ್ನು ಎರಡಕ್ಕೂ ಸೇರಿಸಿ ಕಳಿಸುವುದುಂಟು.

ಹೋಲಿಸುವುದಾದರೆ ಐಡಿವಿ ಅದೇ, ಆಡ್ ಆನ್‌ಗಳು ಅವೇ, ಎನ್‌ಸಿಬಿ ಅದೇ ಇರಲಿ. ಎರಡು ಮೂರು ಕಡೆ ಕೇಳಿದ ಮೇಲೆ ಬಿಟ್ಟು ಹೋಗುವ ಮೊದಲು ನಿಮ್ಮ ಏಜೆಂಟರಿಗೇ ಒಂದು ಫೋನು ಹಾಕಿ. ‘ಬೇರೆ ಕಡೆ ಇಷ್ಟಕ್ಕೆ ಸಿಗ್ತದೆ ಮಾರಾಯ್ರೆ, ಎಲ್ಲ ಅದೇ ಉಂಟು. ನಿಮ್ಮಲ್ಲಿ ಎಷ್ಟಕ್ಕೆ ಆಗ್ತದೆ ನೋಡಿ ಹೇಳಿ’ ಎನ್ನಿ. ಆಶ್ಚರ್ಯವೆಂಬಂತೆ ಅರ್ಧ ಗಂಟೆಯಲ್ಲಿ ಹೊಸ ದರ ಬರುವುದುಂಟು. ಶಿರಾಡಿಯಲ್ಲಿ ರಾತ್ರಿ ಕಾರು ಗುದ್ದಿದಾಗ ಫೋನೆತ್ತಿ, ಮರುದಿನ ಗ್ಯಾರೇಜಿಗೆ ಬಂದು ನಷ್ಟ ಅಂದಾಜಿಸುವ ಸರ್ವೇಯರರ ಎದುರು ನಿಲ್ಲುವ ಏಜೆಂಟರಾದರೆ ಐನೂರು ರೂಪಾಯಿ ಹೆಚ್ಚಾದರೂ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಪ್ರತಿ ವರ್ಷ ಲಿಂಕು ಕಳಿಸುವುದಷ್ಟೇ ಅವರ ಸೇವೆಯಾದರೆ ಆ ಮುಲಾಜು ಬೇಡ.

ಇದನ್ನೆಲ್ಲ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಅವಧಿ ಮುಗಿದ ಮೇಲೆ ಹೋದರೆ ಕಾರಿನ ತಪಾಸಣೆ ಆಗಬೇಕು, ಅಷ್ಟರೊಳಗೆ ರಸ್ತೆಗಿಳಿಸಿ ಸಿಕ್ಕಿಬಿದ್ದರೆ ಮೊದಲ ಸಲ ಎರಡು ಸಾವಿರ ದಂಡ. ತೊಂಬತ್ತು ದಿನ ದಾಟಿದರೆ ಕೂಡಿಟ್ಟ ಎನ್‌ಸಿಬಿ ಪೂರ್ತಿ ಹೋಯಿತು. ಹೊಸ ಪಾಲಿಸಿಯನ್ನು ಎರಡು ಮೂರು ವಾರ ಮೊದಲೇ ಮಾಡಿಸಬಹುದು, ಹಳೆಯದು ಮುಗಿದ ಮಧ್ಯರಾತ್ರಿಯಿಂದ ಅದು ಶುರುವಾಗುತ್ತದೆ. ಬೇಕಾದ್ದು ಆರ್‌ಸಿ ಮತ್ತು ಹಳೆಯ ಪಾಲಿಸಿಯ ಪ್ರತಿ. ಆ ಹಳೆಯ ಪ್ರತಿಯಲ್ಲಿ ಓನ್ ಡ್ಯಾಮೇಜ್ ಎಷ್ಟು, ಐಡಿವಿ ಎಷ್ಟು ಎಂದು ಇವತ್ತೇ ತೆಗೆದು ನೋಡಿದರೂ ಆದೀತು.

ನಮಸ್ಕಾರ.