ಸೆಪ್ಟೆಂಬರಿನ ಮೊದಲ ಶನಿವಾರ

ಕೇಳುಗ ಮಿತ್ರರಿಗೆ ನಮಸ್ಕಾರ.

ನನ್ನದು ಮಲೆನಾಡಿನ ಊರು. ಚಿಕ್ಕಂದಿನಲ್ಲಿ ಹಿರಿಯರ ಬಾಯಲ್ಲಿ 'ಮರಸು ಕೂರೋದು' ಅನ್ನುವ ಮಾತು ಕೇಳಿದ್ದೆ. ಹಣ್ಣು ಉದುರುವ ಮರದಲ್ಲಿ ಅಟ್ಟಣೆ ಕಟ್ಟಿ, ಕೋವಿ ಹಿಡಿದು, ಕೆಮ್ಮು ಬಂದರೂ ನುಂಗಿಕೊಂಡು ಪ್ರಾಣಿಗಾಗಿ ಕಾಯುವುದು. 1972ರ ವನ್ಯಜೀವಿ ಕಾಯ್ದೆಯಾದ ಮೇಲೆ ಅದು ಜಗಲಿಯ ಕತೆಯಾಯಿತು, ಆಗಬೇಕಾದದ್ದೇ. ಆ ಮರಸನ್ನು ನಾನು ಕಣ್ಣಾರೆ ಕಂಡದ್ದು ಮಾತ್ರ ಅಮೆರಿಕದ ಕೆಂಟಕಿ ರಾಜ್ಯದ ಪಶ್ಚಿಮ ಭಾಗದಲ್ಲಿ. ಕೆಲಸಕ್ಕೆಂದು ಹೋಗಿ ಕೆಲವು ವರ್ಷ ಅಲ್ಲಿದ್ದೆ. ಪಕ್ಕದ ಜಮೀನಿನ ಯಜಮಾನರು ಹೊಗೆಸೊಪ್ಪು, ಸೋಯಾ ಬೆಳೆಯುವ ರೈತರು, ಎಪ್ಪತ್ತರ ಆಸುಪಾಸು. ಇವತ್ತು ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಅವರಿಂದ ಕಲಿತದ್ದು.

ಅಲ್ಲಿನ ಜಿಂಕೆಗೆ ಬಿಳಿಬಾಲದ ಜಿಂಕೆ ಅಂತ ಹೆಸರು. ಹೆದರಿ ಓಡುವಾಗ ಬಾಲ ಎತ್ತಿದರೆ ಬೆಳ್ಳಗೆ ಬಾವುಟ ಹಾರಿಸಿದ ಹಾಗೆ ಕಾಣುತ್ತದೆ. ಕೆಂಟಕಿಯಲ್ಲಿ ಬಿಲ್ಲುಬಾಣದ ಬೇಟೆಗೆ ಸೆಪ್ಟೆಂಬರಿನ ಮೊದಲ ಶನಿವಾರ ಬಾಗಿಲು ತೆರೆಯುತ್ತದೆ. ಆ ದೇಶದ ಬಹುತೇಕ ರಾಜ್ಯಗಳಲ್ಲಿ ಇಷ್ಟು ಬೇಗ ಇಲ್ಲ. ಕೊಡಗಿನವರಿಗೆ ಇದು ಕೇಳಿ ನಗು ಬಂದೀತು, ಅವರ ಕೈಲ್ ಮುಹೂರ್ತವೂ ಹೆಚ್ಚು ಕಡಿಮೆ ಅದೇ ವಾರ. ನಾಟಿ ಮುಗಿಸಿ, ತೆಗೆದಿಟ್ಟ ಆಯುಧವನ್ನು ಪೂಜಿಸಿ ಮತ್ತೆ ಕೈಗೆ ತೆಗೆದುಕೊಳ್ಳುವ ಹಬ್ಬ.

ಬೇಗ ಅನ್ನುವುದಕ್ಕೆ ಇಷ್ಟು ಬೆಲೆ ಯಾಕೆ? ಅದು ಕೊಂಬಿನ ಕತೆ. ನಮ್ಮ ಬಂಡೀಪುರದ ಸಾರಗಗಳನ್ನು, ಅಂದರೆ ಚುಕ್ಕೆ ಜಿಂಕೆಗಳನ್ನು ನೋಡಿ, ಒಂದೇ ಹಿಂಡಿನಲ್ಲಿ ಒಂದಕ್ಕೆ ಹಸಿಗೊಂಬು, ಇನ್ನೊಂದಕ್ಕೆ ಬಲಿತ ಕೊಂಬು. ಬಿಳಿಬಾಲದ್ದು ಹಾಗಲ್ಲ, ಎಲ್ಲವೂ ಹಗಲಿನ ಉದ್ದವನ್ನು ನೋಡಿ ನಡೆಯುತ್ತವೆ. ಚಳಿಗಾಲದ ಕೊನೆಗೆ ಹಳೆಯ ಕೊಂಬು ಕಳಚಿ ಬೀಳುತ್ತದೆ. ವಸಂತದಲ್ಲಿ ಹೊಸದು ಮೊಳೆಯುತ್ತದೆ. ಬೇಸಿಗೆಯಿಡೀ ಅದರ ಮೇಲೆ ಮಖಮಲ್ಲಿನಂಥ ಚರ್ಮ, ಒಳಗೆ ರಕ್ತನಾಳ, ಮುಟ್ಟಿದರೆ ಬಿಸಿ. ಹಗಲು ಕುಗ್ಗುತ್ತಾ ಬಂದ ಹಾಗೆ ಮೈಯಲ್ಲಿ ಗಂಡು ಹಾರ್ಮೋನು ಏರುತ್ತದೆ, ಕೊಂಬು ಗಟ್ಟಿಯಾಗುತ್ತದೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನೊಳಗೆ ಗಿಡಕ್ಕೆ ಉಜ್ಜಿ ಆ ಚರ್ಮವನ್ನು ಕಳಚಿಬಿಡುತ್ತವೆ. ಉಜ್ಜಲು ಶುರುಮಾಡಿದರೆ ಸಾಮಾನ್ಯವಾಗಿ ಒಂದೇ ದಿನದ ಕೆಲಸ.

ಮಖಮಲ್ಲು ಇರುವತನಕ ಗಂಡುಗಳ ನಡುವೆ ಜಗಳವಿಲ್ಲ. ಮೂರೋ ನಾಲ್ಕೋ ಗಂಡುಗಳು ಗೆಳೆಯರ ಹಾಗೆ ಜೊತೆಯಾಗಿ ತಿರುಗುತ್ತವೆ. ಒಂದೇ ಹೊಲ, ಒಂದೇ ಮೂಲೆ, ಹೆಚ್ಚು ಕಡಿಮೆ ಅದೇ ಹೊತ್ತು, ಪೇಟೆಯ ಬಸ್ಸಿಗೆ ಕಾಯುವವರ ಹಾಗೆ. ಚರ್ಮ ಕಳಚಿತೋ, ಸ್ನೇಹವೂ ಕಳಚಿತು. ಒಂದೊಂದು ಒಂದೊಂದು ದಿಕ್ಕು. ನವೆಂಬರಿನಲ್ಲಿ ಬೆದೆಗಾಲ, ಆಗ ದೊಡ್ಡ ಗಂಡು ಹಗಲಲ್ಲೇ ಹೊರಗೆ ಬರುತ್ತದೆ ನಿಜ, ಆದರೆ ಎಲ್ಲಿ, ಯಾವಾಗ ಅಂತ ಹೇಳುವುದು ಕಷ್ಟ. ಅದರ ದಿನಚರಿಯನ್ನು ನಂಬಿ ಕೂರಬಹುದಾದದ್ದು ಋತುವಿನ ಆರಂಭದ ಒಂದೆರಡು ವಾರ ಮಾತ್ರ.

ಇಲ್ಲಿ 'ದೊಡ್ಡ' ಅಂದರೆ ಏನು? ನಾನು ಕೊಂಬು ಎಣಿಸುತ್ತಿದ್ದೆ. ಯಜಮಾನರು ದುರ್ಬೀನು ನನ್ನ ಕೈಯಿಂದ ತೆಗೆದುಕೊಂಡು, "ತಲೆಯನ್ನು ಮರೆತು ಮೈ ನೋಡು" ಅಂದರು. ಮರಿಗಳು ಹುಟ್ಟುವುದು ಮೇ, ಜೂನಿನ ಹೊತ್ತಿಗೆ. ಹಾಗಾಗಿ ಬೇಟೆಯ ಕಾಲಕ್ಕೆ ಎಲ್ಲದರ ವಯಸ್ಸೂ ಒಂದೂವರೆ, ಎರಡೂವರೆ, ಮೂರೂವರೆ ಹೀಗೆ. ಒಂದೂವರೆಯದ್ದು ಕೊಂಬು ಹೊತ್ತ ಹೆಣ್ಣಿನ ಹಾಗೆ, ಉದ್ದ ಕಾಲು, ತೆಳು ಕತ್ತು. ಮೂರೂವರೆಯದ್ದು ಪಂದ್ಯದ ಕುದುರೆ, ಎದೆ ತುಂಬಿದೆ, ಹೊಟ್ಟೆ ಇನ್ನೂ ಬಿಗಿ. ಐದು ದಾಟಿದರೆ ಎದೆ ಇಳಿದು, ಹೊಟ್ಟೆ ಜೋತು, ಬೆನ್ನು ಬಾಗಿ, ಕಾಲುಗಳೇ ಮೋಟಾದ ಹಾಗೆ ಕಾಣುತ್ತವೆ. ನಮ್ಮ ಕಡೆ ಜಾತ್ರೆಯಲ್ಲಿ ಹೋರಿ ಕೊಳ್ಳುವವರು ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗದೆ ಮೈಕಟ್ಟು ನೋಡುತ್ತಾರಲ್ಲ, ಅದೇ ಕಣ್ಣು ಬೇಕು.

ಕೆಂಟಕಿಯಲ್ಲಿ ಒಬ್ಬ ಬೇಟೆಗಾರನಿಗೆ ಇಡೀ ಋತುವಿಗೆ ಕೊಂಬಿನ ಜಿಂಕೆ ಒಂದೇ. ಎಳೆಯದನ್ನು ಹೊಡೆದರೆ ಆ ವರ್ಷದ ಕೊಂಬಿನ ಲೆಕ್ಕ ಮುಗಿಯಿತು. ಬಲಿತ ಗಂಡಿಗಾಗಿ ಜನ ಕಾಯುವುದಕ್ಕೆ ಈ ನಿಯಮವೂ ಒಂದು ಕಾರಣ ಅಂತ ನನ್ನ ಲೆಕ್ಕಾಚಾರ.

ಇನ್ನು ಹುಡುಕುವ ಬಗೆ. ಜುಲೈ, ಆಗಸ್ಟಿನಲ್ಲಿ ಸೋಯಾ ಎಲೆ ಹಸಿರಾಗಿ, ಮೆತ್ತಗೆ ಇರುತ್ತದೆ. ಸಂಜೆ ರಸ್ತೆಬದಿಯಲ್ಲಿ ಪಿಕಪ್ ನಿಲ್ಲಿಸಿ, ಇಳಿಯದೆ, ದೂರದಿಂದಲೇ ದುರ್ಬೀನಿನಲ್ಲಿ ನೋಡಬೇಕು. ಯಾವ ಮೂಲೆಯಿಂದ ಹೊಲಕ್ಕೆ ಇಳಿಯಿತು ಅಂತ ಗುರುತು ಹಾಕಿಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ಸೋಯಾ ಎಲೆ ಹಳದಿಯಾಗುತ್ತಿದ್ದ ಹಾಗೆ ಜಿಂಕೆ ಆ ಹೊಲವನ್ನು ಬಿಡುತ್ತದೆ. ಆಗ ಕಾಡಿನೊಳಗೆ ಬಿಳಿ ಓಕ್ ಮರದ ಕಾಯಿ ಉದುರಲು ಶುರು. ಕೆಂಪು ಓಕಿನ ಕಾಯಿ ಬಲಿಯಲು ಎರಡು ವರ್ಷ ಬೇಕು, ಒಗರೂ ಹೆಚ್ಚು. ಬಿಳಿಯದ್ದು ಒಂದೇ ವರ್ಷದಲ್ಲಿ ಬಲಿಯುತ್ತದೆ, ಒಗರು ಕಡಿಮೆ. ಹಾಗಾಗಿ ಮೊದಲು ಖಾಲಿಯಾಗುವುದು ಬಿಳಿ ಓಕಿನ ಬುಡ. ನಿನ್ನೆಯವರೆಗೆ ಹೊಲದಲ್ಲಿದ್ದ ಗಂಡು ಇವತ್ತು ಮಾಯವಾಯಿತು ಅಂತ ಜನ ಗೊಣಗುತ್ತಾರೆ. ಅದು ಎಲ್ಲಿಗೂ ಹೋಗಿರುವುದಿಲ್ಲ, ಇನ್ನೂರು ಗಜ ಒಳಗೆ ಕಾಯಿ ಕಡಿಯುತ್ತಿರುತ್ತದೆ.

ಈ ಹಂತದಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೊದಲ ವರ್ಷ ಯಜಮಾನರು ಕಾಡಂಚಿನಲ್ಲಿ ಒಂದು ಟ್ರೇಲ್ ಕ್ಯಾಮೆರಾ ಕಟ್ಟಿದ್ದರು. ಪ್ರಾಣಿ ಹಾದುಹೋದರೆ ತಾನೇ ಫೋಟೊ ತೆಗೆಯುವ ಡಬ್ಬಿ. ಚಿತ್ರ ನೋಡುವ ಚಪಲ ನನಗೆ. ಎರಡು ದಿನಕ್ಕೊಮ್ಮೆ ಹೋಗಿ ಕಾರ್ಡು ತೆಗೆದು ತರುತ್ತಿದ್ದೆ. ಅದೂ ಅಡುಗೆಮನೆಯ ಗೂಟಕ್ಕೆ ನೇತುಹಾಕಿದ್ದ, ಇಂಗಿನ ಒಗ್ಗರಣೆ ಕುಡಿದು ಕೂತಿದ್ದ ಜಾಕೆಟು ಹಾಕಿಕೊಂಡು! ಮೊದಲ ವಾರ ಸಂಜೆ ಆರೂವರೆಗೆ ಬರುತ್ತಿದ್ದ ದೊಡ್ಡದು ಎರಡನೇ ವಾರ ಒಂಬತ್ತು ಗಂಟೆಗೆ, ಮೂರನೇ ವಾರ ನಡುರಾತ್ರಿ ಎರಡಕ್ಕೆ. ಆಮೇಲೆ ಚಿತ್ರವೇ ಇಲ್ಲ. ಯಜಮಾನರು ಬೈಯಲಿಲ್ಲ. "ಅದು ನಿನ್ನನ್ನು ಹುಡುಕಿಬಿಟ್ಟಿತು" ಅಂದರು, ಅಷ್ಟೆ.

ಮರುವರ್ಷ ಕ್ಯಾಮೆರಾ ಕಟ್ಟಿದವರು ಆ ಕಡೆ ತಲೆಹಾಕಲಿಲ್ಲ. ಜಿಂಕೆ ಹಗಲು ಮಲಗುವ ಗುಡ್ಡದ ಪೊದೆಗಳ ಹತ್ತಿರವೂ ಸುಳಿಯಲಿಲ್ಲ. ಬೆಳಗಿನ ಬೇಟೆ ಬೇಡವೇ ಬೇಡ ಅನ್ನುವುದು ಅವರ ನಿಯಮ. ಬೆಳಗಿನ ಜಾವ ಜಿಂಕೆ ಇನ್ನೂ ಹೊಲದಲ್ಲೇ ಇರುತ್ತದೆ, ಕತ್ತಲಲ್ಲಿ ಹೋಗುವವನು ಅದರ ನಡುವೆಯೇ ನಡೆದು ಹೋಗಬೇಕು.

ಮೂಗಿನದೇ ದೊಡ್ಡ ಲೆಕ್ಕ. ಬಣ್ಣಗಳಲ್ಲಿ ಜಿಂಕೆಗೆ ನೀಲಿ ಚೆನ್ನಾಗಿ ಕಾಣುತ್ತದೆ, ಕಿತ್ತಳೆ ನಮಗೆ ಕಂಡ ಹಾಗೆ ಕಾಣುವುದಿಲ್ಲ. ಕಣ್ಣಿಗೆ ಮೋಸ ಮಾಡಬಹುದು, ಮೂಗಿಗೆ ಆಗದು. ಗುಡ್ಡದ ಸೀಮೆಯಲ್ಲಿ ಬಿಸಿಲೇರಿದ ಹಾಗೆ ಗಾಳಿ ಇಳಿಜಾರಿನ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದ ಹಾಗೆ ನೀರಿನಂತೆ ಹಳ್ಳಕ್ಕೆ ಇಳಿಯುತ್ತದೆ. ಇದನ್ನು ನೋಡಲು ಅವರು ಜೇಬಿನಿಂದ ಒಂದು ಒಣಕಾಯಿ ತೆಗೆದು ಒಳಗಿನ ಅರಳೆಯನ್ನು ಗಾಳಿಗೆ ಬಿಟ್ಟರು. ನಾನು ಬೆರಗಾದೆ, ಅದು ನಮ್ಮ ಎಕ್ಕದ ದಾಯಾದಿ! ಅಲ್ಲಿ ಮಿಲ್ಕ್‌ವೀಡ್ ಅನ್ನುತ್ತಾರೆ, ಮುರಿದರೆ ಅದೇ ಹಾಲು. ಆ ಅರಳೆ ನೇರ ಹೋಗದೆ ನಿಧಾನ ತಿರುಗಿ, ತಗ್ಗಿಗೆ ಇಳಿದು, ಹಳ್ಳದ ಗುಂಟ ಹೊರಟುಹೋಯಿತು. ಗುಡ್ಡದಿಂದ ಇಳಿಯುವ ಜಿಂಕೆಗೆ ನಮ್ಮ ಸುಳಿವು ಸಿಗದಿರಬೇಕಾದರೆ ಹಳ್ಳದ ಪಕ್ಕದ ಮರವೇ ಸರಿ. ಅದೂ ಗುಡ್ಡದ ಕಡೆಯಿಂದ ನಮ್ಮ ಮೇಲೆ ಗಾಳಿ ಬೀಸುವ ದಿನವೇ ಆಗಬೇಕು. ಆರಂಭದ ಶನಿವಾರ ಗಾಳಿ ತಿರುಗುಮುರುಗು, ಅವರು ಮನೆಯಲ್ಲೇ ಕೂತು ಟ್ರ್ಯಾಕ್ಟರಿಗೆ ಗ್ರೀಸು ಹಚ್ಚಿದರು. ನನಗಂತೂ ತಡೆಯಲಾಗಲಿಲ್ಲ, ಅವರಿಗೆ ಚಿಂತೆಯೇ ಇಲ್ಲ. ಬುಧವಾರ ಗಾಳಿ ಸರಿಹೋಯಿತು.

ನಾಲ್ಕು ಗಂಟೆಗೆ ಹತ್ತಿದೆವು. ಒಂದೇ ಮರಕ್ಕೆ ಎರಡು ಸ್ಟ್ಯಾಂಡು, ಅಂದರೆ ಮರಕ್ಕೆ ಬಿಗಿದ ಪುಟ್ಟ ಅಟ್ಟಣೆ, ಸೊಂಟಕ್ಕೂ ಭುಜಕ್ಕೂ ಸುರಕ್ಷಾ ಪಟ್ಟಿ. ಬಿಲ್ಲು ಅವರದು, ನನ್ನ ಕೈಯಲ್ಲಿ ದುರ್ಬೀನು. ಬೆವರು, ಸೊಳ್ಳೆ. ಹೆಣ್ಣು ಜಿಂಕೆ ಎರಡು ಬಂದು ಹೋದವು. ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗ ಮೂರು ಗಂಡುಗಳು. ಮುಂದಿನ ಎರಡರದ್ದು ಚೆಂದದ ಕೊಂಬು. ಹಿಂದಿನದ್ದು ಕವಲಿನಲ್ಲಿ ಅವಕ್ಕಿಂತ ಕಡಿಮೆ, ಆದರೆ ಹೊಟ್ಟೆ ಜೋತಿತ್ತು, ಬೆನ್ನು ಬಾಗಿತ್ತು. ಮುಂದಿನವೆರಡನ್ನೂ ಅವರು ದಾಟಿಹೋಗಲು ಬಿಟ್ಟರು. ಇಪ್ಪತ್ತು ಗಜ. ಬಾಣ ಬಿಟ್ಟ ಸದ್ದು ನನಗೆ ಕೇಳಿಸಿದ್ದೇ ಅನುಮಾನ. ಜಿಂಕೆ ಒಮ್ಮೆ ನೆಗೆದು ಕಾಡಿಗೆ ನುಗ್ಗಿತು.

ಓಡಿಹೋಗಿ ನೋಡುವ ಆತುರ ನನಗೆ. ಅವರು ಮಂಡಿಯ ಮೇಲೆ ಕೈಯಿಟ್ಟು ಅರ್ಧ ಗಂಟೆ ಕೂರಿಸಿದರು. ಎದೆಗೆ ಬಿದ್ದಿದ್ದರೂ ಅರ್ಧ ಗಂಟೆ ಬಿಡಬೇಕು, ಹೊಟ್ಟೆಗೆ ಬಿದ್ದಿದ್ದರೆ ಆರೆಂಟು ಗಂಟೆ ಮುಟ್ಟಬಾರದು, ಅಟ್ಟಿದರೆ ಮೈಲಿಗಟ್ಟಲೆ ಹೋಗಿ ಯಾರಿಗೂ ಸಿಗದೆ ಸಾಯುತ್ತದೆ. ಎಂಬತ್ತು ಗಜದಲ್ಲೇ ಬಿದ್ದಿತ್ತು. ಆಮೇಲಿನದ್ದೆಲ್ಲ ಅವಸರ. ಸೆಪ್ಟೆಂಬರಿನ ಸೆಕೆಯಲ್ಲಿ ಮಾಂಸ ಬೇಗ ಕೆಡುತ್ತದೆ. ಕರುಳು ತೆಗೆದು, ಐಸು ತುಂಬಿ, ಮಧ್ಯರಾತ್ರಿಯೊಳಗೆ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನಿನಲ್ಲಿ ವರದಿ ಒಪ್ಪಿಸಬೇಕು. ಇದು ನಡೆದದ್ದು 2023ಕ್ಕಿಂತ ಮುಂಚೆ. ಆ ವರ್ಷದ ಡಿಸೆಂಬರಿನಲ್ಲಿ ಕೆಂಟಕಿಯ ಬ್ಯಾಲರ್ಡ್ ಕೌಂಟಿಯಲ್ಲಿ ಜಿಂಕೆಗಳ ಮಿದುಳು ತಿನ್ನುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ ಆ ರಾಜ್ಯದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಈಗ ಆ ಸೀಮೆಯಲ್ಲಿ ತಲೆಯನ್ನು ಪರೀಕ್ಷೆಗೆ ಕೊಡುವ ಕೆಲಸವೂ ಸೇರಿಕೊಂಡಿದೆ.

ಬಿಲ್ಲು, ಬಾಣ, ಕೋವಿ, ಗುಂಡುಗಳ ಮೇಲೆ ಅಲ್ಲೊಂದು ವಿಶೇಷ ತೆರಿಗೆಯಿದೆ, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯದು. ಆ ಹಣ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಇಪ್ಪತ್ತನೇ ಶತಮಾನದ ಆರಂಭಕ್ಕೆ ಕೆಂಟಕಿಯಲ್ಲಿ ಜಿಂಕೆ ಹೆಚ್ಚು ಕಡಿಮೆ ಮುಗಿದೇ ಹೋಗಿತ್ತು. ತಮ್ಮ ತಂದೆ ಹುಡುಗನಾಗಿದ್ದಾಗ ಜಿಂಕೆಯ ಹೆಜ್ಜೆ ಕಂಡರೆ ಊರೆಲ್ಲ ನೋಡಲು ಹೋಗುತ್ತಿತ್ತು ಅಂತ ಯಜಮಾನರು ಹೇಳುತ್ತಿದ್ದರು.

ಒಂದು ವಾರದ ಮೇಲೆ ಅವರು ಆ ಜಿಂಕೆಯ ಕೆಳದವಡೆಯನ್ನು ಬೇಯಿಸಿ, ಉಜ್ಜಿ, ಮೇಜಿನ ಮೇಲೆ ಇಟ್ಟರು. ಹಲ್ಲಿನ ಸವೆತ ನೋಡಿ ವಯಸ್ಸು ಹೇಳುವ ಈ ಪದ್ಧತಿಯನ್ನು ಸೆವೆರಿಂಗ್‌ಹೌಸ್ ಎಂಬ ವಿಜ್ಞಾನಿ 1949ರಲ್ಲಿ ಪ್ರಕಟಿಸಿದ್ದು. ಒಂದೂವರೆ ವರ್ಷದ ಸುಮಾರಿಗೆ ಮೂರು ಗುಬುಟಿನ, ಅಂದರೆ ಮೇಲೆ ಮೂರು ಉಬ್ಬಿರುವ ಹಾಲುಹಲ್ಲು ಬಿದ್ದು ಎರಡು ಗುಬುಟಿನದು ಬರುತ್ತದೆ, ಅಲ್ಲಿಂದಾಚೆಗೆ ದವಡೆಹಲ್ಲಿನ ಬಿಳಿಯ ಎನಾಮಲ್ ಸವೆದು ಕಂದು ಪಟ್ಟೆ ಅಗಲವಾಗುತ್ತಾ ಹೋಗುತ್ತದೆ. ನಾನು ನಾಲ್ಕೂವರೆ ಅಂದೆ. ಅವರು ಕನ್ನಡಕ ಹಾಕಿಕೊಂಡು, ಉಗುರಿನಿಂದ ಆ ಪಟ್ಟೆಯನ್ನು ಗೀರಿ ನೋಡಿ, "ಐದೂವರೆ, ಕಡಿಮೆಯಂತೂ ಇಲ್ಲ" ಅಂದರು. ನಾನು ತಂದಿದ್ದ ಮೆಣಸುಪುಡಿಯ ಸಾರು ಅಷ್ಟರಲ್ಲಿ ಒಲೆಯ ಮೇಲೆ ಕುದಿ ಬಂದಿತ್ತು. ದವಡೆಯನ್ನು ಕಿಟಕಿಯ ಕಟ್ಟೆಗೆ ಸರಿಸಿ ತಟ್ಟೆ ಇಟ್ಟೆವು.

ನಮಸ್ಕಾರ.