ಪಕ್ಕದಲ್ಲಿ ತೆರೆಯಿರಿ, ಮೇಲೆ ಸುರಿಯಬೇಡಿ: ಕಳೆದುಹೋದ ಮೇಲ್ ಮರಳಿ ತರುವ ಕೆಲಸ

ಸ್ನೇಹಿತರೇ, ನಮಸ್ಕಾರ.

ಮಾರ್ಚ್ ಕೊನೆಯ ವಾರ. ಇಲ್ಲಿ ಕೂತವರಲ್ಲಿ ಬಹಳ ಜನ ಕಾಲೇಜು, ಸಹಕಾರ ಸಂಘ, ಮಂಡಿಪೇಟೆಯ ಅಂಗಡಿ, ಎಪಿಎಂಸಿ ಯಾರ್ಡಿನ ವಹಿವಾಟು, ಇಂಥ ಕಡೆ ಸರ್ವರ್ ನೋಡಿಕೊಳ್ಳುವವರು. ಲೆಕ್ಕ ಮುಗಿಸುವ ಗಡಿಬಿಡಿಯಲ್ಲೂ ಬಂದಿದ್ದೀರಿ. ದಾವಣಗೆರೆಯಲ್ಲಿ ಈ ವಿಷಯ ಮಾತಾಡಲು ಇದೇ ಸರಿಯಾದ ಹೊತ್ತು. ನವೆಂಬರಿನಲ್ಲಿ ಬಂದ ಮೆಕ್ಕೆಜೋಳದ ಖರೀದಿ ಪತ್ರವನ್ನೋ ಜಿಎಸ್‌ಟಿ ಬಿಲ್ಲನ್ನೋ ಆಡಿಟರು ಕೇಳುವುದು ಈಗ. ಅದು ಮೇಲ್‌ಬಾಕ್ಸಿನಲ್ಲಿ ಇಲ್ಲ ಅಂತ ಗೊತ್ತಾಗುವುದೂ ಈಗಲೇ.

ನಾನು ಹೇಳಬೇಕಾದದ್ದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ: ಬ್ಯಾಕಪ್ಪನ್ನು ಪಕ್ಕದಲ್ಲಿ ತೆರೆಯಿರಿ, ಮೇಲೆ ಸುರಿಯಬೇಡಿ. ಬ್ಯಾಕಪ್ ಇದ್ದೂ ಮೇಲ್ ಕಳೆದುಕೊಂಡವರಲ್ಲಿ ಹಲವರು ಕಳೆದುಕೊಳ್ಳುವುದು ಅಳಿಸಿದಾಗ ಅಲ್ಲ, ಮರಳಿ ತರುವಾಗ. ಮೊನ್ನೆಯ ಪ್ರತಿಯನ್ನು ಈವತ್ತಿನ ಮೇಲ್‌ಬಾಕ್ಸಿನ ಮೇಲೆ ಎಳೆದು ಹಾಕುತ್ತಾರೆ. ಮೊನ್ನೆಯ ಒಂದು ಪತ್ರ ಸಿಗುತ್ತದೆ, ನಿನ್ನೆ ಮತ್ತು ಈವತ್ತಿನದು ಹೋಗುತ್ತದೆ.

ಮೊದಲು ಫೋನ್ ಬರುವ ಹೊತ್ತಿಗೆ ಬರೋಣ. "ಸಾರ್, ಮೇಲ್ ಎಲ್ಲಾ ಹೋಯ್ತು." ಈ ಒಂದು ವಾಕ್ಯದೊಳಗೆ ನಾಲ್ಕೈದು ಬೇರೆ ಬೇರೆ ಕಾಯಿಲೆ ಇರುತ್ತವೆ. ಫೋಲ್ಡರನ್ನು ಮೌಸ್ ಜಾರಿ ಇನ್ನೊಂದು ಫೋಲ್ಡರಿನೊಳಗೆ ಬಿಟ್ಟಿರಬಹುದು. ಮೇಲನ್ನು ಸರ್ವರಿನಲ್ಲೇ ಇಟ್ಟು ತೋರಿಸುವ ಐಮ್ಯಾಪಿನಲ್ಲಿ, ಫೋಲ್ಡರ್ ಸರ್ವರಿನಲ್ಲಿದ್ದರೂ ಅದರ ಸಬ್‌ಸ್ಕ್ರಿಪ್ಷನ್, ಅಂದರೆ ಅದನ್ನು ತೋರಿಸಬೇಕೆಂಬ ಗುರುತು, ತಪ್ಪಿದರೆ ಕಾಣದೆ ಇರಬಹುದು. ಹಳೆಯ ಕಂಪ್ಯೂಟರಿನಲ್ಲಿ ಪಾಪ್ ಖಾತೆ ಉಳಿದಿದ್ದು, ಅದು ಮೇಲ್‌ಗಳನ್ನು ಇಳಿಸಿಕೊಂಡು ಸರ್ವರಿನಿಂದ ಅಳಿಸುತ್ತಿರಬಹುದು. ಇವು ಯಾವುವೂ ಅಲ್ಲ ಅಂತ ಖಾತ್ರಿಯಾದ ಮೇಲೆ ಬ್ಯಾಕಪ್ಪಿನ ಹತ್ತಿರ ಹೋಗಿ.

ಹೋಗುವ ಮುಂಚೆ ಎರಡು ಕೆಲಸ ನಿಲ್ಲಿಸಬೇಕು. ಒಂದು, ಆ ಬಳಕೆದಾರರ ಮನೆಯ ಲ್ಯಾಪ್‌ಟಾಪ್ ನಾಲ್ಕು ದಿನದಿಂದ ಆಫ್ ಇದ್ದರೆ ಅದರ ಔಟ್‌ಲುಕ್ಕಿನಲ್ಲಿ, ಥಂಡರ್‌ಬರ್ಡಿನಲ್ಲಿ ಮೇಲ್‌ಗಳು ಇನ್ನೂ ಇವೆ. ನೆಟ್ ಸಿಕ್ಕಿತೋ, ಸರ್ವರಿನಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ವೈಫೈ ಸಿಗದ ಕಡೆ ತೆರೆದು, ಮೇಲ್‌ಗಳನ್ನು ಲೋಕಲ್ ಫೋಲ್ಡರಿಗೆ ನಕಲು ಮಾಡಿಸಿ.

ಎರಡನೆಯದು ಇನ್ನೂ ಮುಖ್ಯ. ಹಳೆಯ ಬ್ಯಾಕಪ್ ತಾನಾಗಿ ಅಳಿಯುವುದನ್ನು ನಿಲ್ಲಿಸಿ. ಲೆಕ್ಕ ನೋಡಿ. ನಿಮ್ಮಲ್ಲಿ ಏಳು ರಾತ್ರಿಯ ಪ್ರತಿಗಳು ಉಳಿಯುತ್ತವೆ ಅನ್ನಿ. ಸೋಮವಾರ ಮಧ್ಯಾಹ್ನ ಮೇಲ್ ಅಳಿಸಿತು. ಅದು ಇರುವ ಕೊನೆಯ ಪ್ರತಿ ಭಾನುವಾರ ರಾತ್ರಿಯದು. ಶನಿವಾರ ಸಂಜೆ ಯಾರೋ ಗಮನಿಸಿ ಹೇಳುತ್ತಾರೆ. ನಾವು "ಸೋಮವಾರ ನೋಡೋಣ" ಅನ್ನುತ್ತೇವೆ. ಮರುದಿನ ಭಾನುವಾರ ರಾತ್ರಿ ಹೊಸ ಪ್ರತಿ ಬಂದು ಹಿಂದಿನ ಭಾನುವಾರದ್ದನ್ನು ಹೊರದಬ್ಬುತ್ತದೆ. ಸೋಮವಾರ ಬೆಳಗ್ಗೆ ಏಳೂ ಪ್ರತಿಗಳು ಚೆನ್ನಾಗಿರುತ್ತವೆ, ಒಂದರಲ್ಲೂ ಆ ಮೇಲ್ ಇರುವುದಿಲ್ಲ. ಶನಿವಾರ ಸಂಜೆ ಹಳೆಯ ಪ್ರತಿಯನ್ನು ನಿಗದಿತ ಹೊತ್ತಿಗೆ ತಾನಾಗಿ ಅಳಿಸುವ ಆ ಕ್ರಾನ್ ಸಾಲಿನ ಮುಂದೆ ಒಂದು ಹ್ಯಾಷ್ (#) ಚಿಹ್ನೆ ಹಾಕಿ ನಿಲ್ಲಿಸಿದ್ದರೆ ಸಾಕಿತ್ತು.

ಆರ್‌ಸಿಂಕ್ ಎಂಬ ನಕಲು ಕಮಾಂಡಿನಲ್ಲಿ, ಮೂಲದಲ್ಲಿ ಇಲ್ಲದ್ದನ್ನು ನಕಲಿನಲ್ಲೂ ಅಳಿಸುವ ಡಿಲೀಟ್ ಆಯ್ಕೆ ಹಾಕಿ ಒಂದೇ ಕಡೆಗೆ ನಕಲು ಮಾಡುವವರಿಗೆ ಒಂದು ದಿನವೂ ಸಿಗುವುದಿಲ್ಲ. ಅದು ಬ್ಯಾಕಪ್ ಅಲ್ಲ, ಕನ್ನಡಿ. ಹಲವು ಡಿಸ್ಕುಗಳನ್ನು ಜೋಡಿಸಿ ನಡೆಸುವ ರೇಯ್ಡ್ ಕೂಡ ಅಷ್ಟೇ. ಡಿಸ್ಕ್ ಸತ್ತರೆ ಕಾಯುತ್ತದೆ, ಅಳಿಸುವಿಕೆಯಿಂದ ಕಾಯುವುದಿಲ್ಲ.

ಈ ಮಾತಿಗೆ ಒಂದು ದೊಡ್ಡ ಸಾಕ್ಷಿ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. 2011ರ ಫೆಬ್ರವರಿ ಕೊನೆಯಲ್ಲಿ ಕೆಲವು ಜನ ಜಿಮೇಲ್ ತೆರೆದರೆ ಒಳಗೆ ಏನೂ ಇಲ್ಲ. ಇನ್‌ಬಾಕ್ಸ್ ಖಾಲಿ, ಲೇಬಲ್‌ಗಳಿಲ್ಲ, ಹೊಸ ಖಾತೆಯ ಹಾಗೆ. ಗೂಗಲ್ ಹೇಳಿದ ಪ್ರಕಾರ ಬಳಕೆದಾರರಲ್ಲಿ ಶೇ 0.02 ಜನರಿಗೆ ಹೀಗಾಯಿತು. ಪ್ರಮಾಣ ಸಣ್ಣದು, ಆದರೆ ಜಿಮೇಲಿನಲ್ಲಿ ಅದು ಸಾವಿರಾರು ಜನ. ಗೂಗಲ್ ಒಂದೊಂದು ಮೇಲನ್ನೂ ಬೇರೆ ಬೇರೆ ಡೇಟಾ ಸೆಂಟರಿನಲ್ಲಿ ಹಲವು ಪ್ರತಿ ಇಡುತ್ತದೆ. ಬೆಂಕಿ ಬಿದ್ದರೆ, ಕರೆಂಟ್ ಹೋದರೆ, ಡಿಸ್ಕ್ ಸತ್ತರೆ, ಎಲ್ಲದಕ್ಕೂ ತಯಾರಿ ಇತ್ತು. ಆದರೆ ತಪ್ಪು ಇದ್ದದ್ದು ಸ್ಟೋರೇಜ್ ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ. ಅದು ಹಲವು ಪ್ರತಿಗಳ ಮೇಲೂ ಕೈ ಆಡಿಸಿತು. ಎಷ್ಟು ಪ್ರತಿ ಇದ್ದರೇನು, ಎಲ್ಲವೂ ಅದೇ ತಂತಿಗೆ ಕಟ್ಟಿದ್ದವು.

ಉಳಿಸಿದ್ದು ಟೇಪ್. 2011ರಲ್ಲೂ ಹಳೆಯದು ಅನ್ನಿಸುತ್ತಿದ್ದ ಮ್ಯಾಗ್ನೆಟಿಕ್ ಟೇಪ್! ಅದು ಆಫ್‌ಲೈನ್ ಇದ್ದದ್ದರಿಂದ ಸಾಫ್ಟ್‌ವೇರಿನ ದೋಷ ಅದನ್ನು ಮುಟ್ಟಲಿಲ್ಲ. ಟೇಪಿನಿಂದ ಓದಿ ಮರಳಿಸಲು ಮಿಲಿಸೆಕೆಂಡಿನ ಬದಲು ತಾಸುಗಟ್ಟಲೆ ಹಿಡಿಯಿತು, ಆದರೆ ಮೇಲ್‌ಗಳು ಬಂದವು. ಇದರಲ್ಲಿ ಜನ ಗಮನಿಸದ ಇನ್ನೊಂದು ಎಳೆ ಇದೆ: ದುರಸ್ತಿಯ ಆ ಹೊತ್ತಿನಲ್ಲಿ ಈ ಖಾತೆಗಳಿಗೆ ಕಳಿಸಿದ ಹೊಸ ಮೇಲ್‌ಗಳು ತಲುಪದೆ ಕಳಿಸಿದವರಿಗೇ ವಾಪಸ್ ಹೋದವು.

ನಮ್ಮ ಸಣ್ಣ ಸರ್ವರಿಗೂ ಇದು ಅಷ್ಟೇ ಅನ್ವಯ. ಮೇಲ್‌ಬಾಕ್ಸ್ ಇಲ್ಲದೆ ಪೋಸ್ಟ್‌ಫಿಕ್ಸ್, ಅಂದರೆ ಬರುವ ಮೇಲನ್ನು ಸ್ವೀಕರಿಸುವ ಸಾಫ್ಟ್‌ವೇರ್, ಓಡುತ್ತಿದ್ದರೆ, ಬಂದ ಪತ್ರಕ್ಕೆ "550, ಇಂಥ ಬಳಕೆದಾರ ಇಲ್ಲ" ಎಂದು ಉತ್ತರ ಕೊಡಬಹುದು. 550 ಅಂದರೆ ಶಾಶ್ವತ ನಿರಾಕರಣೆ, ಕಳಿಸಿದ ಸರ್ವರ್ ಮತ್ತೆ ಪ್ರಯತ್ನಿಸುವುದಿಲ್ಲ. ಅದೇ ನೀವು ಮೇಲ್ ಒಳಬರುವ 25ನೇ ಪೋರ್ಟನ್ನೇ ಮುಚ್ಚಿದರೆ, ಇಲ್ಲವೇ 4ರಿಂದ ಶುರುವಾಗುವ ತಾತ್ಕಾಲಿಕ ಸಂಕೇತ ಕೊಟ್ಟರೆ, ಕಳಿಸಿದವರ ಸರ್ವರ್ ಪತ್ರವನ್ನು ಸರದಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ತಟ್ಟುತ್ತದೆ. ಪೋಸ್ಟ್‌ಫಿಕ್ಸಿನ ಮೂಲ ಹೊಂದಿಕೆಯಲ್ಲಿ ಆ ಅವಧಿ 5 ದಿನ. ಅಷ್ಟರಲ್ಲಿ ನಿಮ್ಮ ಕೆಲಸ ಮುಗಿಸಬಹುದು. ಅರ್ಧ ಕೆಟ್ಟ ಸರ್ವರಿಗಿಂತ ಪೂರ್ತಿ ನಿಂತ ಸರ್ವರ್ ವಾಸಿ.

ಈಗ ಕೈಕೆಲಸ. ಪೋಸ್ಟ್‌ಫಿಕ್ಸ್, ಬಳಕೆದಾರರಿಗೆ ಮೇಲ್ ತೋರಿಸುವ ಡವ್‌ಕಾಟ್, ಡಿಸ್ಕಿನಲ್ಲಿ ಮೇಲ್ ಇಡುವ ಮೇಲ್‌ಡಿರ್ ವಿಧಾನ. ಇಲ್ಲಿ ಬಹುಪಾಲು ಜನ ನಡೆಸುವುದು ಇದನ್ನೇ ಅಂದುಕೊಂಡು ಹೇಳುತ್ತೇನೆ. ಮೇಲ್‌ಡಿರ್‌ನಲ್ಲಿ ಒಂದು ಮೇಲ್ ಅಂದರೆ ಒಂದು ಫೈಲು. ಹಾಗಾಗಿ ಸುಲಭ, ಮತ್ತು ಹಾಗಾಗಿಯೇ ಎಡವುವ ಜಾಗ ಬಹಳ.

ಬ್ಯಾಕಪ್ಪನ್ನು ಬೇರೆ ಡಿಸ್ಕಿನಲ್ಲಿ ಬಿಚ್ಚಿ. ಪಕ್ಕದಲ್ಲಿ ತೆರೆಯಿರಿ. ಪೆನ್‌ಡ್ರೈವಿನಲ್ಲಿ ಸಾಗಿಸುವುದಾದರೆ ಎಲ್ಲವನ್ನೂ ಒಂದೇ ಟಾರ್ ಫೈಲಾಗಿ ಕಟ್ಟಿಯೇ ಒಯ್ಯಿರಿ. ಮೇಲ್‌ಡಿರ್ ಫೈಲಿನ ಹೆಸರಲ್ಲಿ ಕೋಲನ್ ಚಿಹ್ನೆ ಇರುತ್ತದೆ, ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲೂ ಹಿಡಿಸದು.

ಬಿಚ್ಚಿದ ಮೇಲೆ ಒಂದು ಫೈಲನ್ನು ಹತ್ತಿರದಿಂದ ನೋಡಿ. ಹೆಸರು 1699416000 ಎಂದು ಶುರುವಾಗುತ್ತದೆ ಅನ್ನಿ. ಅದು 1970ರ ಮೊದಲ ದಿನದಿಂದ ಎಣಿಸಿದ ಸೆಕೆಂಡುಗಳು. ಲೆಕ್ಕ ಹಾಕಿದರೆ 2023ರ ನವೆಂಬರ್ 8, ನಮ್ಮ ಸಮಯ ಬೆಳಗ್ಗೆ 9.30. ಮೇಲ್ ಬಂದ ಗಳಿಗೆ ಹೆಸರಲ್ಲೇ ಇದೆ. ಕೊನೆಯಲ್ಲಿ ಕೋಲನ್, 2, ಕಾಮಾ, ಆಮೇಲೆ ಅಕ್ಷರಗಳು: ಎಸ್ ಇದ್ದರೆ ಓದಿದ್ದು, ಆರ್ ಇದ್ದರೆ ಉತ್ತರಿಸಿದ್ದು, ಟಿ ಇದ್ದರೆ ಅಳಿಸಲು ಗುರುತು ಮಾಡಿದ್ದು.

ಇನ್‌ಬಾಕ್ಸ್ ಬಿಟ್ಟು ಉಳಿದ ಫೋಲ್ಡರುಗಳ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ. ಸಿಪಿ ಕಮಾಂಡಿಗೆ ನಕ್ಷತ್ರ ಚಿಹ್ನೆ ಕೊಟ್ಟು ನಕಲು ಮಾಡಿದರೆ ಚುಕ್ಕಿಯ ಹೆಸರುಗಳು ಬರುವುದೇ ಇಲ್ಲ. ಇನ್‌ಬಾಕ್ಸ್ ಸಿಕ್ಕಿತು, ಸೆಂಟ್ ಇಲ್ಲ, ಡ್ರಾಫ್ಟ್ ಇಲ್ಲ. "ಬ್ಯಾಕಪ್ಪೇ ಸರಿಯಿರಲಿಲ್ಲ" ಅಂತ ತೀರ್ಮಾನವಾಗುತ್ತದೆ. ಬ್ಯಾಕಪ್ ಸರಿಯಾಗೇ ಇರುತ್ತದೆ.

ಇನ್ನೊಂದು ನಮಗೇ ಮೀಸಲಾದ ತೊಡಕು. ಬಳಕೆದಾರರು "ಬಿಲ್" ಎಂದು ಕನ್ನಡದಲ್ಲೇ ಫೋಲ್ಡರ್ ಮಾಡಿದ್ದರೆ ಡಿಸ್ಕಿನಲ್ಲಿ ಆ ಹೆಸರು ಹಾಗೆ ಕಾಣುವುದಿಲ್ಲ. ಐಮ್ಯಾಪ್ ಅದನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳಲ್ಲೇ ಬರೆಯುವ ಮಾರ್ಪಡಿಸಿದ ಯುಟಿಎಫ್-7 ಸಂಕೇತಕ್ಕೆ ತಿರುಗಿಸುತ್ತದೆ: ಚುಕ್ಕಿ, & ಚಿಹ್ನೆ, ಡಿ, ಕೆ, ಡಬ್ಲ್ಯು, ಮುಂದೆ ಇನ್ನಷ್ಟು. ಕನ್ನಡ ಅಕ್ಷರದಿಂದ ಶುರುವಾಗುವ ಯಾವ ಫೋಲ್ಡರ್ ಆದರೂ & ಆದಮೇಲೆ ದೊಡ್ಡಕ್ಷರದ ಡಿ ಇರಲೇಬೇಕು. ಇದು ಗೊತ್ತಿಲ್ಲದೆ ಕಸ ಅಂತ ಅಳಿಸಿದರೆ ಆಡಿಟರು ಕೇಳುವ ಬಿಲ್ಲುಗಳೇ ಹೋಗುತ್ತವೆ.

ಈಗ ಆ ಬಳಕೆದಾರರ ಮೇಲ್‌ಡಿರ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ. ಹಳೆಯ ಪ್ರತಿಯ ಕರ್ ಮತ್ತು ನ್ಯೂ ಎಂಬ ಒಳಫೋಲ್ಡರುಗಳ ಫೈಲುಗಳನ್ನು ಮಾತ್ರ ಅದಕ್ಕೆ ಹಾಕಿ. ಡವ್‌ಕಾಟ್ ಇಂಡೆಕ್ಸ್ ಫೈಲುಗಳನ್ನು ತರಬೇಡಿ, ಅವು ಮತ್ತೆ ಹುಟ್ಟುತ್ತವೆ. ಪ್ರತಿ ಮೇಲಿಗೆ ಸರ್ವರ್ ಕೊಟ್ಟ ಸಂಖ್ಯೆ, ಅಂದರೆ ಯುಐಡಿ, ಅದರ ಪಟ್ಟಿಯ ಫೈಲೂ ಇಲ್ಲಿ ಬೇಡ. ಆದರೆ ಇಡೀ ಮೇಲ್‌ಬಾಕ್ಸ್ ಹೋಗಿ, ಖಾಲಿ ಜಾಗಕ್ಕೆ ಪೂರ್ತಿ ಮರಳಿಸುತ್ತಿದ್ದರೆ ಅದೇ ಪಟ್ಟಿ ಬೇಕೇ ಬೇಕು. ಅದಿಲ್ಲದಿದ್ದರೆ ಹಳೆಯ ಸಂಖ್ಯೆಗಳು ಇನ್ನೂ ನಡೆಯುತ್ತವೆ ಎಂದು ಹೇಳುವ ಯುಐಡಿ ವ್ಯಾಲಿಡಿಟಿ ಬದಲಾಗಿ, ಎಲ್ಲರ ಫೋನು, ಲ್ಯಾಪ್‌ಟಾಪು ಎಲ್ಲಾ ಮೇಲನ್ನೂ ಮೊದಲಿಂದ ಇಳಿಸಲು ಶುರು ಮಾಡುತ್ತವೆ.

ನಕಲು ಮಾಡುವಾಗ ಸಿಪಿಗೆ ಎ ಆಯ್ಕೆ ಕೊಡಿ. ಡವ್‌ಕಾಟ್ ಮೇಲ್ ಬಂದ ದಿನಾಂಕವನ್ನು ಫೈಲಿನ ಮಾರ್ಪಾಟು ಸಮಯದಿಂದ ಓದುತ್ತದೆ. ಆ ಸಮಯ ಉಳಿಯದಿದ್ದರೆ ಐದು ವರ್ಷದ ಮೇಲ್ ಎಲ್ಲಾ ಈವತ್ತೇ ಬಂದಂತೆ ಸಾಲಾಗಿ ನಿಲ್ಲುತ್ತದೆ. ಹಾಗಾಗಿ ಹೋದರೂ ದಾರಿ ಇದೆ: ಫೈಲಿನ ಹೆಸರಿನ ಮೊದಲ ಹತ್ತು ಅಂಕೆಗಳನ್ನು ಓದಿ ಟಚ್ ಕಮಾಂಡಿನಿಂದ ಸಮಯ ಸರಿಪಡಿಸುವ ಸಣ್ಣ ಸ್ಕ್ರಿಪ್ಟ್ ಸಾಕು.

ಆಮೇಲೆ ಮಾಲೀಕತ್ವ. ರೂಟ್ ಹೆಸರಲ್ಲಿ ಬಿಚ್ಚಿದ ಫೈಲನ್ನು ಸರ್ವರಿನಲ್ಲಿ ಮೇಲ್ ಫೈಲುಗಳ ಮಾಲೀಕನಾದ ವಿಮೇಲ್ ಬಳಕೆದಾರನ ಹೆಸರಿಗೆ ಚೌನ್ ಮಾಡಿ. ಎಸ್‌ಇ ಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಇದ್ದರೆ, ಫೈಲುಗಳ ಭದ್ರತಾ ಗುರುತು ಸರಿಪಡಿಸುವ ರಿಸ್ಟೋರ್‌ಕಾನ್ ಓಡಿಸಿ. ಕೊನೆಗೆ ಡವ್‌ಕಾಟ್ ನಿರ್ವಹಿಸುವ ಕಮಾಂಡಾದ ಡವ್‌ಆಡ್ಮ್‌ನ ಫೋರ್ಸ್-ರೀಸಿಂಕ್ ಓಡಿಸಿ ಇಂಡೆಕ್ಸ್ ಸರಿಪಡಿಸಿ, ಅದಾದ ಮೇಲೆ ಕೋಟಾ ರೀಕ್ಯಾಲ್ಕ್ ಓಡಿಸಿ ಮೇಲ್‌ಬಾಕ್ಸಿನ ಜಾಗದ ಲೆಕ್ಕ ಮತ್ತೆ ಹಾಕಿಸಿ. ಈ ಕೋಟಾವನ್ನು ಮರೆತರೆ ಮರಳಿದ ಮೇಲ್‌ಗಳಿಂದ ಡಬ್ಬಿ ತುಂಬಿ, ಹೊಸ ಮೇಲ್ ನಿಲ್ಲುತ್ತದೆ. ಮೊದಲೇ ಕೋಟಾವನ್ನು ತಾತ್ಕಾಲಿಕವಾಗಿ ಹೆಚ್ಚಿಸಿಡಿ. ಎರಡೆರಡು ಪ್ರತಿ ಬಂದಿದ್ದರೆ ಡವ್‌ಆಡ್ಮ್‌ನಲ್ಲಿ ಡೀಡೂಪ್ಲಿಕೇಟ್ ಇದೆ. ಅದು ಮೂಲತಃ ಆಂತರಿಕ ಗುರುತು ನೋಡುತ್ತದೆ, ಎಂ ಆಯ್ಕೆ ಕೊಟ್ಟರೆ ಮೆಸೇಜ್-ಐಡಿ ನೋಡುತ್ತದೆ.

ನಿಮ್ಮದು ಮೇಲ್‌ಡಿರ್ ಅಲ್ಲದೆ ಎಂಡಿಬಾಕ್ಸ್ ಆಗಿದ್ದರೆ ಇಲ್ಲಿವರೆಗಿನ ಫೈಲು ನಕಲಿನ ಮಾತು ಬಿಟ್ಟುಬಿಡಿ. ಅಲ್ಲಿ ಒಂದು ಫೈಲಿನಲ್ಲಿ ಹಲವು ಮೇಲ್, ಓದಿದ್ದು-ಓದದ್ದು ಎಂಬ ಗುರುತು ಇಂಡೆಕ್ಸಿನಲ್ಲಿ ಮಾತ್ರ. ಡವ್‌ಆಡ್ಮ್ ಇಂಪೋರ್ಟ್ ಸರಿಯಾದ ದಾರಿ: ಪಕ್ಕದಲ್ಲಿ ಬಿಚ್ಚಿದ ಜಾಗ ತೋರಿಸಿ, ಯಾವ ಫೋಲ್ಡರಿಗೆ ಬರಬೇಕೆಂದು ಹೇಳಿ, ಯಾವ ದಿನಾಂಕದ ನಂತರದ್ದು ಬೇಕೆಂದು ಷರತ್ತು ಹಾಕಿ.

ಈಗ ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಎಕ್ಸ್‌ಚೇಂಜ್ ಇಟ್ಟವರಿಗೆ. ಮಂಡಿಯ ಲೆಕ್ಕ ಗೊತ್ತಿರುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ವ್ಯಾಪಾರ ನಡೆದ ಕೂಡಲೇ ಕಿರ್ದಿಯಲ್ಲಿ ಬರೆಯುತ್ತಾರೆ, ಆಮೇಲೆ ಖಾತೆಗೆ ಏರಿಸುತ್ತಾರೆ. ಎಕ್ಸ್‌ಚೇಂಜಿನ 1 ಎಂಬಿಯ ಲಾಗ್ ಫೈಲುಗಳು ಕಿರ್ದಿ, ಮೇಲ್‌ಗಳ ಡೇಟಾಬೇಸಾದ ಇಡಿಬಿ ಫೈಲು ಖಾತೆ. ಬ್ಯಾಕಪ್ಪಿನಿಂದ ಬಂದ ಖಾತೆಯಲ್ಲಿ ಏರಿಸದ ಬಾಬ್ತು ಉಳಿದಿದ್ದರೆ ಅದು "ಡರ್ಟಿ ಶಟ್‌ಡೌನ್". ಎಕ್ಸ್‌ಚೇಂಜಿನ ಇಎಸ್‌ಇಯುಟಿಲ್ ಕಮಾಂಡಿಗೆ ಎಂಎಚ್ ಆಯ್ಕೆ ಕೊಟ್ಟು ಸ್ಥಿತಿ ನೋಡಿ, ಆರ್ ಕೊಟ್ಟು ಲಾಗ್‌ಗಳನ್ನು ಏರಿಸಿ. "ಕ್ಲೀನ್" ಆದಮೇಲಷ್ಟೇ ಮೌಂಟ್ ಆಗುತ್ತದೆ, ಅಂದರೆ ಬಳಕೆಗೆ ತೆರೆದುಕೊಳ್ಳುತ್ತದೆ. ಪಿ ಆಯ್ಕೆಯನ್ನು ಮೊದಲಿಗೇ ಒತ್ತಬೇಡಿ, ದಯವಿಟ್ಟು. ಅದು ಓದಲಾಗದ ಪುಟಗಳನ್ನು ಎಸೆದು ಡೇಟಾಬೇಸನ್ನು ನಿಲ್ಲಿಸುತ್ತದೆ, ಎಸೆದದ್ದು ಬರುವುದಿಲ್ಲ. ಒತ್ತಲೇಬೇಕಾದರೂ ನಕಲಿನ ಮೇಲೆ ಒತ್ತಿ.

ಕ್ಲೀನ್ ಆದದ್ದನ್ನು ರಿಕವರಿ ಡೇಟಾಬೇಸ್ ಆಗಿ ಮೌಂಟ್ ಮಾಡಿ, ನ್ಯೂ-ಮೇಲ್‌ಬಾಕ್ಸ್-ರಿಸ್ಟೋರ್-ರಿಕ್ವೆಸ್ಟ್‌ನಿಂದ ಬೇಕಾದ ಮೇಲ್‌ಬಾಕ್ಸನ್ನು ಮಾತ್ರ ಎಳೆಯಿರಿ. ಟಾರ್ಗೆಟ್ ರೂಟ್ ಫೋಲ್ಡರ್ ಎಂದು ಒಂದು ಹೆಸರು ಕೊಟ್ಟರೆ ಎಲ್ಲವೂ ಆ ಒಂದು ಫೋಲ್ಡರಿನೊಳಗೆ ಬಂದು ಕೂರುತ್ತದೆ. ನೋಡಿ, ಮೈಕ್ರೋಸಾಫ್ಟಿನವರೂ ಹೇಳುವುದು ಇದೇ: ಪಕ್ಕದಲ್ಲಿ ತೆರೆಯಿರಿ, ಮೇಲೆ ಸುರಿಯಬೇಡಿ. ಸರ್ಕ್ಯುಲರ್ ಲಾಗಿಂಗ್ ಹಾಕಿಟ್ಟವರಿಗೆ ಕಿರ್ದಿಯ ಹಳೆಯ ಹಾಳೆಗಳೇ ಇರುವುದಿಲ್ಲ. ಬ್ಯಾಕಪ್ ಆದ ಗಳಿಗೆಯವರೆಗೆ ಮಾತ್ರ ಸಿಗುತ್ತದೆ.

ಐದು ನಿಮಿಷ ಅಂತ ಚೀಟಿ ಬಂತು. ಬೇಗ ಹೇಳುತ್ತೇನೆ.

ಬ್ಯಾಕಪ್ಪಿಗೆ ಮುಂಚೆ ಸರ್ವರಿನದೇ ಅವಧಿಗಳಿವೆ, ಬರೆದುಕೊಳ್ಳಿ. ಎಕ್ಸ್‌ಚೇಂಜಿನಲ್ಲಿ ಅಳಿಸಿದ ಮೇಲ್ ಮೂಲ ಹೊಂದಿಕೆಯಲ್ಲಿ 14 ದಿನ, ಅಳಿಸಿದ ಮೇಲ್‌ಬಾಕ್ಸ್ 30 ದಿನ. ಗೂಗಲ್ ವರ್ಕ್‌ಸ್ಪೇಸಿನಲ್ಲಿ ಟ್ರಾಷ್ 30 ದಿನ, ಅಲ್ಲಿಂದ ಹೋದಮೇಲೆ ಅಡ್ಮಿನ್ ಮರಳಿಸಲು 25 ದಿನ. ಬಳಕೆದಾರರ ಖಾತೆಯನ್ನೇ ಅಳಿಸಿದ್ದರೆ 20 ದಿನ.

ಬ್ಯಾಕಪ್ ಬೆಂಗಳೂರಿನ ಡೇಟಾ ಸೆಂಟರಿನಲ್ಲಿದ್ದರೆ ಇಳಿಸುವ ಹೊತ್ತು ಲೆಕ್ಕ ಹಾಕಿ. 500 ಜಿಬಿ, 100 ಎಂಬಿಪಿಎಸ್ ಲೈನು, ಪೂರ್ತಿ ವೇಗ ಸಿಕ್ಕರೂ 11 ತಾಸು. ಗುಪ್ತಲಿಪಿ ಹಾಕಿದ ಹಾರ್ಡ್‌ಡಿಸ್ಕ್ ಹಿಡಿದು ಒಬ್ಬರು ಬೆಳಗಿನ ಬಸ್ ಹತ್ತಿದರೆ ಮಧ್ಯಾಹ್ನದ ಬೆಣ್ಣೆ ದೋಸೆಯ ಹೊತ್ತಿಗೆ ಇಲ್ಲಿರುತ್ತಾರೆ. ನಗಬೇಡಿ, ಇದು ನಿಜವಾದ ಆಯ್ಕೆ. ಗುಪ್ತಲಿಪಿಯ ಕೀಲಿ ಮಾತ್ರ ಅದೇ ಸರ್ವರಿನಲ್ಲಿ ಇಡಬೇಡಿ, ಸರ್ವರ್ ಸತ್ತ ದಿನ ಕೀಲಿಯೂ ಸಾಯುತ್ತದೆ.

ಲಾಗ್‌ಗಳನ್ನೂ ಬ್ಯಾಕಪ್ಪಿನಲ್ಲಿ ಸೇರಿಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ 180 ದಿನದ ಲಾಗ್ ಇಡಬೇಕು. ಯಾರು ಯಾವಾಗ ಅಳಿಸಿದರು ಎಂಬುದು ಅಲ್ಲಿಂದಲೇ ತಿಳಿಯುವುದು.

ಪರೀಕ್ಷೆ: ತಿಂಗಳಿಗೆ ಒಂದು ಮೇಲ್‌ಬಾಕ್ಸನ್ನು ನಿಜವಾಗಿ ಮರಳಿಸಿ ನೋಡಿ. ಬ್ಯಾಕಪ್ಪಿನ ಫೈಲುಗಳ ಎಣಿಕೆ ಮತ್ತು ಡವ್‌ಆಡ್ಮ್ ತೋರಿಸುವ ಮೇಲ್‌ಗಳ ಎಣಿಕೆ ತಾಳೆಯಾಗಬೇಕು. ಹಳೆಯದು ಒಂದು, ಹೊಸದು ಒಂದು, ಎಲ್ಲಕ್ಕಿಂತ ದೊಡ್ಡದು ಒಂದು, ಈ ಮೂರನ್ನು ಅಟ್ಯಾಚ್‌ಮೆಂಟ್ ಸಮೇತ ತೆರೆಯಿರಿ. ಗಡಿಯಾರ ನೋಡಿ ಎಷ್ಟು ಹೊತ್ತಾಯಿತು ಅಂತ ಬರೆದಿಡಿ.

ಇನ್ನು ಮರಳಿಸಿದ ಮೇಲೆ. ಬಳಕೆದಾರರು ನೋಡಿ, ಸರಿಯಿದೆ ಎಂದು ಲಿಖಿತವಾಗಿ ಒಪ್ಪುವವರೆಗೆ ಪಕ್ಕದ ಆ ಪ್ರತಿ ಇರಲಿ. ಒಪ್ಪಿದ ದಿನವೇ ಅದನ್ನು ಅಳಿಸಿ. ಅದರಲ್ಲಿರುವುದು ಇಡೀ ಕಚೇರಿಯ ಸಂಬಳದ ಪತ್ರ, ರೋಗಿಗಳ ವರದಿ, ಮನೆಯ ಮಾತು. ಅಷ್ಟಾದ ಮೇಲೆ ಮಾತ್ರ ನಿಲ್ಲಿಸಿದ್ದ ಆ ಕ್ರಾನ್ ಸಾಲಿನ ಮುಂದಿನ ಹ್ಯಾಷ್ ಚಿಹ್ನೆ ತೆಗೆಯಿರಿ. ಇದನ್ನು ಮರೆತರೆ ಡಿಸ್ಕ್ ತುಂಬಿ ಮುಂದಿನ ಬ್ಯಾಕಪ್ಪೇ ಆಗುವುದಿಲ್ಲ. ಊಟ ಮುಗಿಸಿ ಲ್ಯಾಬಿಗೆ ಬನ್ನಿ. ಅಲ್ಲಿ ಒಂದು ಮೇಲ್‌ಡಿರ್ ಬ್ಯಾಕಪ್ ಇಟ್ಟಿದ್ದೇವೆ, ಅದರಲ್ಲಿ ಕನ್ನಡ ಹೆಸರಿನ ಮೂರು ಫೋಲ್ಡರುಗಳಿವೆ. ಮೂರನ್ನೂ ಹುಡುಕಿ, ದಿನಾಂಕ ಕೆಡದಂತೆ ಮರಳಿಸಿ. ಪ್ರಶ್ನೆಗಳನ್ನು ಅಲ್ಲೇ ತೆಗೆದುಕೊಳ್ಳುತ್ತೇನೆ.