ಯಾವ ಪ್ರಾಣಿ ಮಾರಾಯ್ರೆ?

ನಮಸ್ಕಾರ. ಇವತ್ತು ಮಾತಾಡಬೇಕಿದ್ದದ್ದು ನೀರುದೋಸೆಯ ಅಕ್ಕಿ ಬಗ್ಗೆ. ಬಿಟ್ಟೆ. ಯಾಕೆಂದರೆ ಕಳೆದ ವಿಡಿಯೋದ ಕೆಳಗೆ ಒಬ್ಬರು ಹಾಕಿದ್ದಾರೆ: ‘ಅಣ್ಣ, ಟಾರಿನ್ ಪುಡಿ ತಿಂದರೆ ಕೊಲೆಸ್ಟ್ರಾಲ್ ಇಳಿಯುತ್ತದೆ. ಪ್ರಾಣಿಗಳಲ್ಲಿ ಪ್ರೂವ್ ಆಗಿದೆ. ನೀವು ಸುಮ್ನೆ ಬಂಗುಡೆ ತಿಂದುಕೊಂಡು ಇರಿ.’

ಇರುತ್ತೇನೆ. ಟಾರಿನ್ ಅಂದರೆ ಒಂದು ಅಮೈನೋ ಆಮ್ಲ, ನಮ್ಮ ಮೈಯಲ್ಲೂ ತಯಾರಾಗುತ್ತದೆ. ಆದರೆ ಒಂದು ಪ್ರಶ್ನೆ. ಯಾವ ಪ್ರಾಣಿ?

ಇಲಿ. ಚಿಟ್ಟಿಲಿ ಅಲ್ಲ, ದೊಡ್ಡ ಇಲಿ, ರ‍್ಯಾಟ್. ಕೊಲೆಸ್ಟ್ರಾಲ್ ಬೆರೆಸಿದ ತಿಂಡಿಯ ಜೊತೆ ಟಾರಿನ್ ಕೊಟ್ಟರೆ ಇಲಿಯ ರಕ್ತದಲ್ಲಿ ಕೊಲೆಸ್ಟ್ರಾಲ್ ಇಳಿಯುತ್ತದೆ, ನಿಜ. ಲಿವರ್ ಕೊಲೆಸ್ಟ್ರಾಲನ್ನು ಪಿತ್ತದ ಆಮ್ಲ ಮಾಡಿ ಹೊರಗೆ ಕಳಿಸುತ್ತದೆ. ಆ ಆಮ್ಲಕ್ಕೆ ಇಲಿ ಹೆಚ್ಚಾಗಿ ಜೋಡಿಸುವುದು ಟಾರಿನ್. ನಾವು ಜಾಸ್ತಿ ಜೋಡಿಸುವುದು ಗ್ಲೈಸಿನ್ ಅಂತ ಇನ್ನೊಂದು ಅಮೈನೋ ಆಮ್ಲ. ಅದೂ ಅಲ್ಲದೆ ಇಲಿಗೆ ಪಿತ್ತಕೋಶವೇ ಇಲ್ಲ! ನಿಮಗೆ ಇದೆ ಅಲ್ವಾ? ಅದರಲ್ಲಿ ಕಲ್ಲು ಇರುವವರೂ ನನ್ನ ಚಾನೆಲ್ ನೋಡುತ್ತೀರಿ, ಗೊತ್ತು.

ಇನ್ನು ಧಕ್ಕೆಯ, ಅಂದರೆ ಮೀನು ಇಳಿಸುವ ಬಂದರಿನ, ಬೆಕ್ಕು. ಅದಕ್ಕೆ ಟಾರಿನ್ ಊಟದಲ್ಲೇ ಸಿಗಬೇಕು, ಮೈಯಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಟಾರಿನ್ ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಅಂತ 1987ರಲ್ಲಿ ಗೊತ್ತಾಯಿತು. ಹಾಗಾಗಿ ಅದು ಬೂತಾಯಿ ಮೀನು ಎಗರಿಸಿದರೆ ಕಳ್ಳತನ ಅಲ್ಲ, ಟ್ರೀಟ್‌ಮೆಂಟ್. ನೀವು ಬೆಕ್ಕಾ?

‘ಮೊಲ ಇದೆಯಲ್ಲ?’ ಇದೆ. 1913ರಲ್ಲಿ ರಷ್ಯಾದ ವಿಜ್ಞಾನಿ ಅನಿಚ್ಕೊವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಕರಗಿಸಿ ಮೊಲಕ್ಕೆ ತಿನ್ನಿಸಿದರು. ರಕ್ತನಾಳದಲ್ಲಿ ಕೊಬ್ಬು ಕಟ್ಟಿತು. ಇಲಿಗೆ ಕೊಟ್ಟರೆ ಅಷ್ಟು ಸುಲಭಕ್ಕೆ ಕಟ್ಟುವುದಿಲ್ಲ. ಹುಲ್ಲು ತಿನ್ನುವ ಮೊಲಕ್ಕೆ ಹಾಲಿನ ಪ್ರೋಟೀನ್ ಕೇಸಿನ್ ಕೊಟ್ಟರೂ ಕೊಲೆಸ್ಟ್ರಾಲ್ ಏರುತ್ತದೆ. ಸೋಯಾ ಕೊಟ್ಟರೆ ಅಷ್ಟು ಏರುವುದಿಲ್ಲ. ಹಾಗಂತ ನಾನು ಚಾ ಬಿಡಬೇಕಾ? ಹೋಗಿ ಹೋಗಿ.

ಯಾವ ಪ್ರಾಣಿ, ಹೇಳಿ!

‘ಆಂಟಿಆಕ್ಸಿಡೆಂಟ್ ಬಗ್ಗೆ ಯಾಕೆ ಸುಮ್ಮನಿದ್ದೀರಿ?’ ಸುಮ್ಮನೆ ಇದ್ದದ್ದು ಯಾವಾಗ? ಕೊಲೆಸ್ಟ್ರಾಲ್ ಆಕ್ಸಿಡೈಸ್ ಆದರೆ, ಅಂದರೆ ಆಕ್ಸಿಜನ್ ಸೇರಿ ಕೆಟ್ಟರೆ, ನಾಳಕ್ಕೆ ಅಪಾಯ ಜಾಸ್ತಿ ಅಂತ ಲ್ಯಾಬಿನಲ್ಲಿ, ಪ್ರಾಣಿಗಳಲ್ಲಿ ಕಂಡಿತ್ತು. ಅದನ್ನು ತಡೆಯುವುದೇ ಆಂಟಿಆಕ್ಸಿಡೆಂಟ್, ವಿಟಮಿನ್ ಇ ಅಂಥದ್ದೊಂದು. ಅದರ ಮೇಲೆ ಎಲ್ಲರಿಗೂ ಆಸೆ. ಕೊನೆಗೆ ಮನುಷ್ಯರ ಮೇಲೆ ನೋಡಿದರು. 9,000ಕ್ಕೂ ಹೆಚ್ಚು ಜನ, ದಿನಕ್ಕೆ 400 ಯೂನಿಟ್, ನಾಲ್ಕೂವರೆ ವರ್ಷ. 2000ದಲ್ಲಿ ಫಲಿತಾಂಶ ಬಂತು: ಹಾರ್ಟ್ ಅಟ್ಯಾಕ್ ಕಡಿಮೆಯಾಗಲಿಲ್ಲ. ಆ ಅಧ್ಯಯನದ ಹೆಸರು ‘ಹೋಪ್’. ಕುಂದಾಪುರದವರಾದರೆ ಹೆಸರು ಕೇಳಿಯೇ ‘ಹೋಪ, ಮನೆಗೆ ಹೋಪ’, ಅಂದರೆ ಹೋಗೋಣ, ಅಂತ ಎದ್ದಿರುತ್ತಿದ್ದರು.

‘ನಾವು, ಇಲಿ, ಮೊಲ ಎಲ್ಲ ಸಸ್ತನಿಗಳೇ ಅಲ್ವಾ ಅಣ್ಣ?’ ಹೌದು, ತಿಮಿಂಗಿಲವೂ. ಪಣಂಬೂರಿನ ಕಡಲಲ್ಲಿ ಅದರ ಹಾಗೆ ಈಜಿ, ನೋಡುವ.

ಯಾವ ಪ್ರಾಣಿ? ಯಾವ ಪ್ರಾಣಿ? ಟೀಶರ್ಟ್ ಮೇಲೆ ಇದನ್ನೇ ಅಚ್ಚು ಹಾಕಿಸಿದ್ದೇನೆ, ಎಕ್ಸೆಲ್ ಸೈಜ್ ಮಾತ್ರ ಉಳಿದಿದೆ, ಲಿಂಕ್ ಕೆಳಗಿದೆ. ಸಬ್‌ಸ್ಕ್ರೈಬ್ ಆಗದವರು ಆಗಿ, ಆದವರು ಅತ್ತೆಯ ಫೋನಿನಲ್ಲೂ ಆಗಿ. ಮತ್ತೆ ಆ ಪುಡಿ ಅಣ್ಣನಿಗೆ ಒಂದು ಮಾತು. ಬಂಗುಡೆಯಲ್ಲೂ ಟಾರಿನ್ ಇದೆ, ಮರುವಾಯಿ ಚಿಪ್ಪಿನಲ್ಲೂ ಇದೆ. ನೀವು ಡಬ್ಬಿ ತೆಗೊಂಡದ್ದು ಎಷ್ಟಕ್ಕೆ? ಇರಿ, ಮೀನಿನ ಗಾಡಿ ಹಾರ್ನ್ ಹಾಕಿತು. ಕ್ಯಾಮೆರಾ ಆಫ್ ಮಾಡು ಮಾರಾಯ, ದೊಡ್ಡ ಸೈಜ್ ಖಾಲಿಯಾಗುತ್ತದೆ.